ತಾಯಿ ಚಿಟ್ಟೆ ಪರೀಕ್ಷೆ

ಕೊಳ್ಳೇಗಾಲ
12 ಜೂನ್ 2023

ರೂಪಿ,

ನಿನ್ನೆ ಫೋನಿನಲ್ಲಿ ನೀನು ಕಿರುಚಿದ್ದು ಬೀದಿಗೆಲ್ಲ ಕೇಳಿತಂತೆ, ನನ್ನೊಬ್ಬಳನ್ನ ಬಿಟ್ಟು. ಎದುರುಮನೆ ದೊಡ್ಡಬಸಮ್ಮ ಬಂದು, ‘ನಿಮ್ ರೂಪ ಪುಣೇಲಿ ನೊಣದ ಒಟ್ಟೆ ಕುಯ್ತಾಳಂತಲ್ಲ, ಯಾಕಂತೆ?’ ಅಂತ ನನ್ನನ್ನೇ ಕೇಳಿದಳು. ಗೊತ್ತಿದ್ದರೆ ತಾನೆ ಹೇಳೋಕೆ. ನೂಲು ತೆಗೆಯೋ ಮೆಷಿನ್ ಪಕ್ಕ ಹತ್ತು ವರ್ಷ ಕೂತ ಕಿವಿ ಇದು, ಇನ್ನು ರಿಪೇರಿ ಆಗಲ್ಲ. ಫೋನ್ ಮಾಡಬೇಡ, ಕಾಗದ ಬರಿ. ನಾಕನೇ ಕ್ಲಾಸಿಗೆ ಬಿಟ್ಟೋಳಾದರೂ ಓದೋಕೆ ಬರ್ತದೆ ನನಗೆ.

ಆರು ವರ್ಷದವಳಿಂದ ಮನೇಲಿಟ್ಟುಕೊಂಡು ಓದಿಸಿದ್ದು ನೊಣ ಸಾಕಲಿ ಅಂತಲಾ? ಊಜಿ ನೊಣ ಬಂದು ನಮ್ಮ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟು ಬೆಳೆ ತಿಂದದ್ದು ಮರೆತೆಯಾ? ನೊಣ ಕಂಡರೆ ಪೊರಕೆ ತಕಂಡು ಓಡೋ ಊರಿನೋಳು ನೀನು, ಅದಕ್ಕೆ ಸೀಸೇಲಿ ಊಟ ಇಕ್ಕಿ ಸಾಕ್ತೀಯಂತೆ.

ನಿಮ್ಮವ್ವ ಕೇತಮ್ಮನೂ ಬೆಟ್ಟದ ಕಾಡಿನ ಹಟ್ಟಿಯಿಂದ, ಆ ಪೋಡಿನಿಂದ ಹೇಳಿ ಕಳಿಸಿದ್ದಾಳೆ, ಮಗಳು ಏನು ಮಾಡ್ತಾಳೆ ಕೇಳು ಅಂತ. ನನಗೆ ಅರ್ಥ ಆಗೋ ಹಂಗೆ ಬರಿ. ಇಂಗ್ಲೀಷು ತೂರಿಸಿದರೆ ಕಾಗದ ವಾಪಸ್ ಕಳಿಸ್ತೀನಿ.

ಪುಟ್ಟಗೌರಮ್ಮ


ಪುಣೆ
3 ಜುಲೈ 2023

ದೊಡ್ಡವ್ವ,

ಇದು ಊಜಿ ನೊಣ ಅಲ್ಲ. ಬಾಳೆಹಣ್ಣು ಕೊಳೆತರೆ ಮುತ್ತುತ್ತಲ್ಲ, ಎಳ್ಳಿನಷ್ಟು ಚಿಕ್ಕದು, ಕೆಂಪು ಕಣ್ಣಿಂದು, ಅದು. ಯುಗಾದಿಗೆ ಬಂದಾಗ ನಿನ್ನ ಜಗಲಿ ಮೇಲಿದ್ದ ಪಚ್ಚಬಾಳೆ ಗೊನೆಯಿಂದ ಒಂದು ಸೀಸೆ ತುಂಬ ಹಿಡಿದುಕೊಂಡು ಬಂದೆ. ಸೀಸೆ ಮೇಲೆ ‘ಕೊಳ್ಳೇಗಾಲ’ ಅಂತ ಬರೆದಿದ್ದೇನೆ. ಇಲ್ಲಿ ಬೇರೆಯವರ ಸೀಸೆಗಳ ಮೇಲೆ ಬರೀ ನಂಬರು. ನನ್ನದೊಂದಕ್ಕೇ ಊರಿನ ಹೆಸರು.

ನಾನು ನೋಡುವುದು ಅದರ ಅಂಡಾಶಯ. ಸೂಜಿಯಿಂದ ಬಿಡಿಸಿದರೆ ಮಣಿಸರಗಳ ಹಾಗೆ ಹದಿನೈದು ಇಪ್ಪತ್ತು ಎಳೆ. ಒಂದೊಂದು ಎಳೆಯ ತುದಿಯಲ್ಲೂ ಐದಾರು ಕೋಶಗಳು ಗುಂಪಾಗಿ ಕೂತಿರುತ್ತವೆ. ಅವುಗಳಿಗೆ ಅಂಟಿಕೊಂಡ ಎರಡು ಮೂರು ಕೋಶಗಳಿಗೆ ಮಾತ್ರ ಕೇಳುವಂತೆ ಒಂದು ಮಾತು ಹೇಳುತ್ತಲೇ ಇರುತ್ತವೆ: ‘ನೀನು ಹೀಗೇ ಇರು.’ ಬಾಯಿಂದ ಅಲ್ಲ, ಒಂದು ರಸದ ಮೂಲಕ. ಆ ರಸ ಒಂದು ಕೋಶದ ದೂರ ಮಾತ್ರ ಹೋಗುತ್ತದೆ. ಅಂಟಿಕೊಂಡ ಕೋಶ ಎರಡಾಗಿ ಒಡೆದಾಗ ಒಂದು ಅಲ್ಲೇ ಉಳಿಯುತ್ತದೆ, ಇನ್ನೊಂದು ಒಂದು ಹೆಜ್ಜೆ ಆಚೆ ಸರಿಯುತ್ತದೆ. ಸರಿದದ್ದಕ್ಕೆ ಆ ಮಾತು ಕೇಳುವುದಿಲ್ಲ. ಆಗ ಅದರೊಳಗೇ ಇರುವ ಒಂದು ಜೀನ್ ಎದ್ದು ‘ಹೊರಡು’ ಎನ್ನುತ್ತದೆ. ಅದು ಒಡೆದು ಎರಡಾಗಿ, ನಾಲ್ಕಾಗಿ, ಎಂಟಾಗಿ, ಹದಿನಾರಾಗುತ್ತದೆ. ಹದಿನಾರರಲ್ಲಿ ಒಂದೇ ಒಂದು ಮೊಟ್ಟೆಯಾಗುತ್ತದೆ. ಉಳಿದ ಹದಿನೈದು ತಮ್ಮಲ್ಲಿರುವುದನ್ನೆಲ್ಲ ಅದಕ್ಕೆ ಸುರಿದು ಸಾಯುತ್ತವೆ.

ಈ ಮಾತು ಕೆಟ್ಟರೆ ಏನಾಗುತ್ತದೆ, ಯಾವುದರಿಂದ ಸರಿಹೋಗುತ್ತದೆ, ಅದೇ ನನ್ನ ಕೆಲಸ. ಅವ್ವನಿಗೂ ಹೇಳು.

ನಿನ್ನ ರೂಪಿ


ಕೊಳ್ಳೇಗಾಲ
20 ಜುಲೈ 2023

ರೂಪಿ,

ಕಾಗದ ಮೂರು ಸಲ ಓದಿದೆ. ಮೊದಲನೇ ಸಲ ಸಿಟ್ಟು ಬಂತು, ಎರಡನೇ ಸಲ ಅರ್ಥ ಆಯ್ತು, ಮೂರನೇ ಸಲ ಬಾಯಿಮೇಲೆ ಕೈ ಇಟ್ಟುಕೊಂಡೆ. ಎಳ್ಳಷ್ಟು ನೊಣದ ಹೊಟ್ಟೇಲಿ ಇಷ್ಟು ದೊಡ್ಡ ಸಂಸಾರವಾ!

ಆ ಮಣಿಸರ ನಾನೂ ಕಂಡಿದೀನಿ ಕಣೇ. ಬಿತ್ತನೆ ಕೋಠೀಲಿ ರೇಷ್ಮೆ ಮೊಟ್ಟೆ ಇಡಿಸೋ ಕೆಲಸಕ್ಕೆ ಇದ್ದಾಗ ಹೆಣ್ಣು ಚಿಟ್ಟೆ ಹೊಟ್ಟೆ ಒಡೆದು ಬಿಚ್ಚಿದರೆ ಆ ಕಡೆ ನಾಕು ದಾರ, ಈ ಕಡೆ ನಾಕು ದಾರ, ತುಂಬ ಮಣಿ. ಇಪ್ಪತ್ತು ವರ್ಷ ದಿನಾ ನೋಡಿದೆ. ಆ ಮಣಿ ಎಲ್ಲಿಂದ ಬಂತು ಅಂತ ಒಂದು ದಿನ ಕೇಳಲಿಲ್ಲ. ನೀನು ಕೇಳಿದೆ. ಅದಕ್ಕೇ ನೀನು ಅಲ್ಲಿ, ನಾನು ಇಲ್ಲಿ.

ಅಂಟಿಕೊಂಡು ಕೂತರೆ ಕೇಳ್ತದೆ, ಒಂದು ಹೆಜ್ಜೆ ಆಚೆ ಹೋದರೆ ಕೇಳಲ್ಲ ಅಂದೆಯಲ್ಲ, ನಾನೂ ಅದೇ ಜಾತಿ. ದೊಡ್ಡಬಸಮ್ಮ ಪಕ್ಕ ಕೂತು ಬೈದರೆ ಕೇಳ್ತದೆ, ಬಾಗಿಲಲ್ಲಿ ನಿಂತು ಬೈದರೆ ನೆಮ್ಮದಿ.

ಒಂದು ವಿಷಯ ಮಾತ್ರ ಸರಿಬೀಳಲಿಲ್ಲ. ಹದಿನೈದು ಸತ್ತು ಒಂದು ಬದುಕ್ತದೆ ಅಂತ ಎಷ್ಟು ಸಲೀಸಾಗಿ ಬರೆದಿದೀಯ. ಆ ಹದಿನೈದರ ಪಾಡು ಯಾರು ಕೇಳಿದರು? ನಿಮ್ಮ ಪ್ರೊಫೆಸರ್ ಮೇಡಂನ ಕೇಳಿ ಹೇಳು.

ನಿಮ್ಮವ್ವನಿಗೆ ಯಳಂದೂರು ಸಂತೇಲಿ ಸಿಕ್ಕಿದಾಗ ಹೇಳಿದೆ. ಜೇನು ಮಾರೋಕೆ ಬಂದಿದ್ದಳು. ಕೇಳಿ, ‘ಅಂಗಾರೆ ಜೇನಲ್ಲೂ ಇಂಗೇ ಕಣಕ್ಕ, ರಾಣಿ ಒಂದೇ’ ಅಂದಳು. ಅವಳಿಗೆ ಒಂದೇ ಏಟಿಗೆ ಅರ್ಥ ಆಗಿತ್ತು. ನನಗೆ ಮೂರು ಸಲ ಓದಬೇಕಾಯ್ತು.

ಪುಟ್ಟಗೌರಮ್ಮ


ಪುಣೆ
18 ನವೆಂಬರ್ 2023

ದೊಡ್ಡವ್ವ,

ನಾಲ್ಕು ತಿಂಗಳು ಬರೆಯಲಿಲ್ಲ, ಬೈಯಬೇಡ. ಸಂತೋಷದ ಸುದ್ದಿ ಇದೆ.

ನನ್ನ ಹತ್ತಿರ ‘ಹೊರಡು’ ಎನ್ನುವ ಜೀನ್ ಸೊರಗಿದ ನೊಣಗಳಿವೆ. ಅವುಗಳ ಅಂಡಾಶಯ ನೋಡಿದರೆ ಅಳು ಬರುತ್ತದೆ. ಕೋಶಗಳು ಹೊರಡದೆ ತುದಿಯಲ್ಲೇ ಗುಂಪುಗಟ್ಟಿ ಕೊಳೆಯುತ್ತವೆ, ಸರದಲ್ಲಿ ಮಣಿಯೇ ಇಲ್ಲ. ಆ ಜಾತಿಯ ಗಂಡುಗಳನ್ನು ನಿನ್ನ ಜಗಲಿಯ ಹೆಣ್ಣು ನೊಣಗಳ ಜೊತೆ ಕೂಡಿಸಿ, ಸಂತಾನದಿಂದ ಸಂತಾನಕ್ಕೆ ಆರಿಸಿಕೊಂಡು ಬಂದೆ. ಜೀನ್ ಸೊರಗಿದ್ದು ಸೊರಗಿದ ಹಾಗೇ ಇದೆ. ಆದರೂ ಕೊಳ್ಳೇಗಾಲದ ಸೀಸೆಯಿಂದ ಬಂದ ನೊಣಗಳು ಮೊಟ್ಟೆ ಇಟ್ಟವು ದೊಡ್ಡವ್ವ! ಮಣಿಸರ ತುಂಬಿಕೊಂಡಿತು.

ಅಂದರೆ ನಮ್ಮೂರಿನ ನೊಣಗಳಲ್ಲಿ ಸುತ್ತಲಿನ ಕೋಶಗಳು ಬೇರೆ ಯಾವುದೋ ದಾರಿಯಿಂದ ‘ಹೊರಡು’ ಅನ್ನುತ್ತಿವೆ. ಇದುವರೆಗೆ ಯಾರೂ ಕಾಣದ ದಾರಿ. ಮೇಡಂ ಯಾವತ್ತೂ ಹೊಗಳದವರು, ಎದ್ದು ಬಂದು ನನ್ನ ಭುಜ ತಟ್ಟಿದರು. ಫೆಬ್ರವರಿ ಇಪ್ಪತ್ತೆರಡಕ್ಕೆ ದೊಡ್ಡ ಸಭೆ. ಹೊರದೇಶದವರೂ ಬರುತ್ತಾರೆ. ನಾನು ನಿಂತು ಹೇಳಬೇಕು. ಅಲ್ಲಿ ಒಪ್ಪಿದರೆ ನನ್ನ ನಾಲ್ಕು ವರ್ಷದ ಕೆಲಸ ಮುಗಿದ ಹಾಗೆ, ಡಾಕ್ಟರೇಟು ಬಂದ ಹಾಗೆ.

ನಿನ್ನ ರೂಪಿ


ಕೊಳ್ಳೇಗಾಲ
2 ಡಿಸೆಂಬರ್ 2023

ರೂಪಿ,

ನಿನ್ನ ಕಾಗದ ಬಂದ ದಿನ ಬೀದಿಗೆಲ್ಲ ಸಜ್ಜಿಗೆ ಮಾಡಿ ಹಂಚಿದೆ. ಏನಕ್ಕೆ ಅಂದರು. ನನ್ನ ಜಗಲಿ ನೊಣ ಪುಣೇಲಿ ಮೊಟ್ಟೆ ಇಟ್ಟದೆ ಅಂದೆ. ದೊಡ್ಡಬಸಮ್ಮ ತಿಂದು ಮುಗಿಸಿ, ‘ವಯಸ್ಸಾಯ್ತು ಕಣಕ್ಕ ನಿಂಗೆ’ ಅಂದಳು. ಅವಳಿಗೆ ಏನು ಗೊತ್ತು. ಹೊರದೇಶದೋರ ಮುಂದೆ ನಿಂತು ಮಾತಾಡೋ ಹೆಣ್ಣು ಈ ಬೀದೀಲಿ ಯಾರ ಮನೇಲದೆ? ಆ ಸಂತೋಷಕ್ಕೆ ರಾತ್ರಿ ಊಟ ಸೇರಲಿಲ್ಲ.

ಒಂದು ಮಾತು ಕೇಳ್ತೀನಿ. ತಾಯಿ ನೋಡಿದೆಯಾ?

ನಮ್ಮ ಕೋಠೀಲಿ ಚಿಟ್ಟೆ ಎಷ್ಟೇ ಚೆಂದ ಮೊಟ್ಟೆ ಇಡಲಿ, ಇಟ್ಟಾದ ಮೇಲೆ ಆ ತಾಯಿ ಚಿಟ್ಟೇನ ಅರೆದು, ಒಂದು ತೊಟ್ಟು ಗಾಜಿನ ಮೇಲೆ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡದೆ ಮೊಟ್ಟೆ ಹೊರಗೆ ಕೊಡೋ ಹಂಗಿಲ್ಲ. ಗಂಟುರೋಗ ಇದ್ದರೆ ಅಕ್ಕಿ ನುಚ್ಚಿನಂಗೆ ಹೊಳೆಯೋ ಕಾಳು ಕಾಣ್ತವೆ. ಮೊಟ್ಟೆ ಮೇಲೆ ಏನೂ ಕಾಣಲ್ಲ, ಮರಿ ಮೇಲೆ ಏನೂ ಕಾಣಲ್ಲ, ತಾಯೀಲಿ ಕಾಣ್ತದೆ. ಮೊಟ್ಟೆಯೊಳಗೆ ಅವಿತುಕೊಂಡು ಮಕ್ಕಳಿಗೆ ಹೋಗ್ತದೆ. ತಂದೆಯಿಂದ ಹಂಗೆ ಹೋಗಲ್ಲ.

ನೀನು ಯಾವಾಗಲೂ ನನ್ನ ಜಗಲಿ ಹೆಣ್ಣು, ಅಲ್ಲಿನ ಗಂಡು ಅಂತ ಕೂಡಿಸಿದೀಯ. ತಿರುವುಮುರುವು ಮಾಡಿ ನೋಡು. ಜಗಲಿ ಗಂಡು, ಅಲ್ಲಿನ ಹೆಣ್ಣು. ಆಗಲೂ ಮೊಟ್ಟೆ ಬಂದರೆ ನಿನ್ನ ಮಾತು ಗಟ್ಟಿ. ಬರದಿದ್ದರೆ ತಾಯಿ ಹೊಟ್ಟೇಲಿ ಇನ್ನೇನೋ ಕೂತದೆ.

ತಪ್ಪು ಹೇಳಿದ್ದರೆ ಮುದುಕಿ ಅಂತ ನಕ್ಕುಬಿಡು.

ಪುಟ್ಟಗೌರಮ್ಮ


ಕೊಳ್ಳೇಗಾಲ
17 ಜನವರಿ 2024

ರೂಪ,

ಒಂದೂವರೆ ತಿಂಗಳಾಯ್ತು. ನಗು ಅಂದಿದ್ದೆ, ಮೂಗಿಯಾಗು ಅಂದಿರಲಿಲ್ಲ. ನಾಕನೇ ಕ್ಲಾಸಿನೋಳು ಡಾಕ್ಟರಿಗೆ ಬುದ್ಧಿ ಹೇಳಿದಳು ಅಂತ ಉರಿ ಹತ್ತಿತಾ? ಹತ್ತಿದ್ದರೆ ಹತ್ತಲಿ. ಹುಷಾರಾಗಿದೀನಿ ಅಂತ ಒಂದು ಸಾಲು ಹಾಕೋಕೆ ಏನು ರೋಗ?

ಪುಟ್ಟಗೌರಮ್ಮ


ಪುಣೆ
27 ಜನವರಿ 2024

ದೊಡ್ಡವ್ವನಿಗೆ,

ಆರೋಗ್ಯವಾಗಿದ್ದೇನೆ. ಸಭೆಯ ತಯಾರಿಯಲ್ಲಿ ಬಿಡುವಿಲ್ಲ. ನೀವು ಹೇಳಿದ ಪರೀಕ್ಷೆ ರೇಷ್ಮೆ ಹುಳಕ್ಕೆ ಸಂಬಂಧಪಟ್ಟದ್ದು. ನೊಣ ಬೇರೆ, ರೇಷ್ಮೆ ಹುಳ ಬೇರೆ. ಇಲ್ಲಿ ಎಲ್ಲ ಸೀಸೆಗಳನ್ನೂ ಹಿಂದೆಯೇ ಪರೀಕ್ಷಿಸಿ ಇಟ್ಟಿರುತ್ತಾರೆ. ಆದ್ದರಿಂದ ಅದರ ಅಗತ್ಯವಿಲ್ಲ. ಚಿಂತೆ ಮಾಡಬೇಡಿ.

ರೂಪ ಕೆ.


ಕೊಳ್ಳೇಗಾಲ
3 ಫೆಬ್ರವರಿ 2024

ರೂಪಿ,

ಇದನ್ನ ಸ್ಪೀಡ್‌ಪೋಸ್ಟಿನಲ್ಲಿ ಹಾಕಿಸ್ತಿದೀನಿ.

‘ನೀವು’ ಅಂತ ಯಾವಾಗಿಂದ? ಆರು ವರ್ಷದವಳಿಂದ ನನ್ನ ಸೊಂಟ ಹಿಡಿದು ಮಲಗಿದೋಳು ನೀನು. ಎಲ್ಲ ಸೀಸೆ ನೋಡಿಟ್ಟಿರ್ತಾರೆ ಅಂದೆ. ನನ್ನ ಜಗಲಿಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದ ಸೀಸೇನ ಹಿಂದೆಯೇ ಹೇಗೆ ನೋಡಿಟ್ಟಿದ್ದರು? ನೋಡದೇ ಇದ್ದೋಳು ‘ಅಯ್ಯೋ ನೋಡಲಿಲ್ಲ’ ಅಂತಾಳೆ. ನೋಡಿ, ಕಂಡು, ಮುಚ್ಚಿಟ್ಟೋಳು ‘ಅಗತ್ಯವಿಲ್ಲ’ ಅಂತಾಳೆ. ಇದು ನನಗೆ ಹೇಗೆ ಗೊತ್ತು ಅಂತ ಕೇಳು. ಯಾರಿಗೂ ಹೇಳದ್ದು ಹೇಳ್ತೀನಿ.

ಆ ಖಾಸಗಿ ಕೋಠಿ ಈಗಿಲ್ಲ, ಗೋಡೆ ಬಿದ್ದು ಬೇರೆ ಏನೋ ಕಟ್ಟಿದಾರೆ. ಅಲ್ಲಿ ನಿಮ್ಮವ್ವ ನನ್ನ ಜೊತೆ ಕೆಲಸಕ್ಕಿದ್ದಳು. ಅವಳು ತಾಯಿ ಚಿಟ್ಟೆ ಅರೆಯೋಳು, ನಾನು ಗಾಜು ತೊಳೆಯೋಳು. ಸೂಪರ್‌ವೈಜರ್ ಶಿವರಾಜು ಟೀಗೆ ಹೋದಾಗ ನಾವಿಬ್ಬರೂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಇಟ್ಟು ಅವನಿಗಿಂತ ಚೆನ್ನಾಗಿ ಕಲಿತಿದ್ದೆವು.

ನಿನಗೆ ಆಗ ಆರು ವರ್ಷ. ಒಂದು ಮಧ್ಯಾಹ್ನ ಕೇತಮ್ಮ, ‘ಅಕ್ಕ, ಈ ತಾಯಿ ಸರಿಯಿಲ್ಲ ಕಣಕ್ಕ, ನೋಡು’ ಅಂದಳು. ನೋಡಿದೆ. ಕಾಳು ಹೊಳೀತಿದ್ದವು. ಅವಳು ಸುಮ್ಮನಿರೋ ಜಾತಿಯಲ್ಲ, ಶಿವರಾಜುನ ಕರೆದಳು. ಅವನು ಬಗ್ಗಿದ ಶಾಸ್ತ್ರ ಮಾಡಿ, ‘ಏನೂ ಇಲ್ಲ. ಕಾಡಿಂದ ಬಂದೋಳು ನಂಗೆ ಪಾಠ ಏಳ್ತೀಯಾ?’ ಅಂದ. ಮೊಟ್ಟೆ ಹಾಳೆಗಳು ಅವತ್ತೇ ಹನೂರಿನ ಕಡೆಗೆ ಹೋಗಬೇಕಿತ್ತು, ಗಾಡಿ ಬಾಗಿಲಲ್ಲಿ ನಿಂತಿತ್ತು. ಅವಳು ನನ್ನ ಕಡೆ ಕೈ ತೋರಿಸಿ, ‘ಅಕ್ಕನೂ ನೋಡೌಳೆ ಸಾ’ ಅಂದಳು. ಅವನು ತಿರುಗಿ, ‘ಏನ್ ಪುಟ್ಟಗೌರಮ್ಮ, ಏನಾರ ಕಾಣ್ತಾ?’ ಅಂದ.

‘ಇಲ್ಲ ಸಾ’ ಅಂದೆ.

ಕೆಲಸ ಹೋದೀತು ಅನ್ನೋ ಭಯ. ಅಷ್ಟೇ, ದೊಡ್ಡ ಕಾರಣ ಏನೂ ಇಲ್ಲ. ಸಾಯಂಕಾಲ ಕೇತಮ್ಮನ್ನ ಸುಳ್ಳು ಹೇಳ್ತಾಳೆ ಅಂತ ಓಡಿಸಿದರು. ನೀನು ಇಷ್ಟು ವರ್ಷ ‘ಅವ್ವನಿಗೆ ಆ ಕೆಲಸ ಬರ್ತಿರಲಿಲ್ಲ’ ಅಂತ ತಿಳಿದಿದೀಯ. ನಾನೂ ಅಲ್ಲ ಅನ್ನಲಿಲ್ಲ. ಅವಳಿಗೆ ಬರ್ತಿತ್ತು ಕಣೇ. ನಮ್ಮೆಲ್ಲರಿಗಿಂತ ಚೆನ್ನಾಗಿ ಬರ್ತಿತ್ತು.

ಆ ಮೊಟ್ಟೆ ಹನೂರು ಕಡೆಯ ಲೊಕ್ಕನಹಳ್ಳಿಗೆ ಹೋದವು. ಹುಳ ಪೊರೆ ಬಿಡೋಕೆ ಎರಡನೇ ಜ್ವರಕ್ಕೆ ಕೂತವು ಏಳಲಿಲ್ಲ. ಮೈಮೇಲೆಲ್ಲ ಮೆಣಸು ಚೆಲ್ಲಿದಂಗೆ ಕಪ್ಪು ಚುಕ್ಕೆ. ತಟ್ಟೆ ತಟ್ಟೆ ಹುಳಾನ ಹೆಂಗಸರು ಅತ್ತುಕೊಂಡು ತಿಪ್ಪೆಗೆ ಸುರಿದರಂತೆ. ಮೂರು ತಿಂಗಳ ಮೇಲೆ ನಾನು ಬೆಟ್ಟ ಹತ್ತಿ ಪೋಡಿಗೆ ಹೋಗಿ, ಕೂಸನ್ನ ಕಳಿಸು, ಓದಿಸ್ತೀನಿ ಅಂದೆ. ಪುಟ್ಟಗೌರಮ್ಮನಿಗೆ ಎಷ್ಟು ದೊಡ್ಡ ಮನಸ್ಸು ಅಂತ ಜನ ಹೊಗಳಿದರು. ನಾನು ಹೊಗಳಿಸಿಕೊಂಡೆ.

ಅವತ್ತಿನಿಂದ ಮೈಕ್ರೋಸ್ಕೋಪಿಗೆ ಕಣ್ಣಿಡಲಿಲ್ಲ. ಇಟ್ಟರೆ ಬೇರೆ ಏನಿದ್ದರೂ ಆ ಕಾಳೇ ಕಾಣ್ತದೆ ಅನ್ನಿಸ್ತಿತ್ತು.

ನೀನು ಕಂಡದ್ದು ನನಗೆ ಹೇಳಬೇಡ. ನಿಮ್ಮ ಮೇಡಂಗೆ ಹೇಳು. ಸಭೆಗೆ ಮೊದಲು ಹೇಳು. ಗಾಡಿ ಹೊರಟ ಮೇಲೆ ಹೇಳಿ ಉಪಯೋಗ ಇಲ್ಲ.

ಪುಟ್ಟಗೌರಮ್ಮ


ಪುಣೆ
26 ಫೆಬ್ರವರಿ 2024

ದೊಡ್ಡವ್ವ,

ನಿನ್ನ ಡಿಸೆಂಬರಿನ ಕಾಗದ ಬಂದ ದಿನವೇ ತಿರುವುಮುರುವು ಕೂಡಿಸಿದ್ದೆ. ಹೊಸ ವರ್ಷ ಕಳೆದು ಹತ್ತು ದಿನಕ್ಕೆ ಫಲ ಕಂಡಿತು. ಊರಿನ ಗಂಡು, ಜೀನಿನ ಒಂದು ಪ್ರತಿ ಮಾತ್ರ ಸೊರಗಿ ಇನ್ನೂ ಮೊಟ್ಟೆ ಇಡಬಲ್ಲ ಇಲ್ಲಿನ ಹೆಣ್ಣು ಕೂಡಿಸಿದ ಸೀಸೆಯಲ್ಲಿ, ಜೀನ್ ಪೂರ್ತಿ ಸೊರಗಿ ಹುಟ್ಟಿದವುಗಳ ಸರ ಬರಿದು. ಒಂದು ಮಣಿಯೂ ಇಲ್ಲ. ಕೊಳ್ಳೇಗಾಲದ ತಾಯಂದಿರ ಅಂಡಾಶಯಕ್ಕೆ ಬಣ್ಣ ಹಾಕಿ ನೋಡಿದೆ. ಮೊಟ್ಟೆಗಳೊಳಗೆಲ್ಲ ಸಣ್ಣ ಸಣ್ಣ ಚುಕ್ಕಿ. ಅದು ವೊಲ್ಬಾಕಿಯಾ ಎನ್ನುವ ಬ್ಯಾಕ್ಟೀರಿಯಾ. ನಿಮ್ಮ ಗಂಟುರೋಗದ ಹಾಗೆ ಕೊಲ್ಲುವುದಿಲ್ಲ. ತಾಯಿಯಿಂದ ಮಾತ್ರ ಮಕ್ಕಳಿಗೆ ಹೋಗುತ್ತದೆ, ಆದ್ದರಿಂದ ತಾಯಿ ಮೊಟ್ಟೆ ಇಟ್ಟರೆ ಮಾತ್ರ ಅದಕ್ಕೂ ಬದುಕು. ‘ಹೊರಡು’ ಅಂತ ಹೇಳುತ್ತಿದ್ದದ್ದು ಸುತ್ತಲಿನ ಕೋಶವಲ್ಲ, ಅದು. ನೊಣ ಸಾಕುವವರಿಗೆಲ್ಲ ಇದು ಗೊತ್ತು. ನಮ್ಮ ಲ್ಯಾಬಿನ ಸೀಸೆಗಳನ್ನೆಲ್ಲ ಇದಕ್ಕಾಗಿಯೇ ಪರೀಕ್ಷೆ ಮಾಡಿದ್ದಾರೆ. ಊರಿನ ಸೀಸೆ ಒಂದನ್ನೇ ನಾನು ಮಾಡಿಸಲಿಲ್ಲ. ನಿನ್ನ ಜಗಲಿಯದು, ಅದರಲ್ಲಿ ಏನಿರುತ್ತದೆ ಅಂದುಕೊಂಡೆ.

ನಾಲ್ಕು ವಾರ ಯಾರಿಗೂ ಹೇಳಲಿಲ್ಲ. ಆ ಸೀಸೆಗಳನ್ನು ಚೀಲದಲ್ಲಿ ಸುತ್ತಿ ಮೂಲೆಗಿಟ್ಟು, ಸಭೆಯ ಮಾತು ಬಾಯಿಪಾಠ ಮಾಡುತ್ತಿದ್ದೆ. ಆಗ ನಿನಗೆ ‘ನೀವು’ ಅಂತ ಬರೆದೆ.

ನಿನ್ನ ಕಾಗದ ಬಂದ ಮರುದಿನ ಮೇಡಂ ಮುಂದೆ ಎರಡೂ ಸೀಸೆ ಇಟ್ಟೆ. ಅವರು ಅರ್ಧ ಗಂಟೆ ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. ಆಮೇಲೆ ಕೇಳಿದರು: ‘ಇದನ್ನು ನೋಡು ಅಂತ ಯಾರು ಹೇಳಿದರು?’

‘ನಮ್ಮ ದೊಡ್ಡವ್ವ.’

‘ಯಾವ ಲ್ಯಾಬು?’

‘ಕೊಳ್ಳೇಗಾಲ’ ಅಂದೆ. ಅವರು ನಗಲಿಲ್ಲ, ಬರೆದುಕೊಂಡರು.

ಸಭೆಯಲ್ಲಿ ನನ್ನ ಹೆಸರು ತೆಗೆಸಿದರು. ಇಪ್ಪತ್ತೆರಡನೇ ತಾರೀಕು ಹಿಂದಿನ ಸಾಲಿನಲ್ಲಿ ಕೂತು ಬೇರೆಯವರದು ಕೇಳಿದೆ. ಡಾಕ್ಟರೇಟು ಇನ್ನೂ ಒಂದು ವರ್ಷ ಮುಂದೆ ಹೋಯಿತು, ಹೆಚ್ಚೂ ಆಗಬಹುದು. ಮೇಡಂ ಎರಡು ವಾರಕ್ಕೂ ಹೆಚ್ಚು ನನ್ನ ಜೊತೆ ಮಾತಾಡಲಿಲ್ಲ. ನಿನ್ನೆ ಬಂದು, ಆ ಚುಕ್ಕಿಗಳು ತುದಿಯ ಕೋಶಗಳಲ್ಲಿ ಎಷ್ಟಿವೆ, ಆಚೆ ಸರಿದವುಗಳಲ್ಲಿ ಎಷ್ಟಿವೆ ಎಣಿಸು ಅಂದರು. ಎಣಿಸುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟಿದೆ ದೊಡ್ಡವ್ವ. ಇನ್ನೂ ಹೋಗಿಲ್ಲ. ಆ ಕಾಗದ ಬರೆಯಲು ನಿನಗೆ ಎಷ್ಟು ಕಷ್ಟವಾಯಿತು ಅಂತಲೂ ಗೊತ್ತು. ಎರಡೂ ಒಟ್ಟಿಗೇ ಇವೆ. ಅವ್ವನಿಗೆ ನಾನು ಹೇಳುವುದಿಲ್ಲ. ನೀನೇ ಹೇಳಬೇಕು.

ರೂಪಿ


ಕೊಳ್ಳೇಗಾಲ
19 ಮಾರ್ಚ್ 2024

ರೂಪಿ,

ಹೋಗಿದ್ದೆ.

ಯಳಂದೂರಿನಲ್ಲಿ ಬಸ್ ಬದಲಾಯಿಸಿ ಬೆಟ್ಟ ಹತ್ತೋವಾಗ ಎರಡು ಸಲ ಇಳಿದು ವಾಪಸ್ ಬಂದುಬಿಡೋಣ ಅನ್ನಿಸ್ತು. ಕಂಡಕ್ಟರು, ‘ಏನಜ್ಜಿ, ಇಳೀತೀಯೋ ಕೂರ್ತೀಯೋ?’ ಅಂತ ರೇಗಿದ. ಅವನಿಗೆ ನಾಕು ಬೈದು, ಆ ಬೈದ ಬಿರುಸಿನಲ್ಲೇ ಕೂತುಬಿಟ್ಟೆ.

ನಿಮ್ಮವ್ವ ಅಂಗಳದಲ್ಲಿ ಸೀಗೇಕಾಯಿ ಹಸನು ಮಾಡ್ತಿದ್ದಳು. ಪಕ್ಕದಲ್ಲಿ ಅಂಟಿಕೊಂಡು ಕೂತೆ, ಅವಳು ಏನಂದರೂ ಕೇಳಬೇಕಲ್ಲ. ನಿನ್ನ ವಿಷಯ ಮೊದಲು ಹೇಳಿದೆ. ಆಮೇಲೆ ನನ್ನದು ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ಕಾಯಿ ಮುರಿಯೋದು, ಬೀಜ ಉದುರಿಸೋದು. ಹಸನಾದದ್ದನ್ನ ಪಕ್ಕಕ್ಕೆ ಸರಿಸಿ, ‘ನೀ ನೋಡಿದ್ದು ನಂಗೆ ಅವತ್ತೇ ಗೊತ್ತಿತ್ತು ಕಣಕ್ಕ’ ಅಂದಳು.

‘ಎಂಗೆ?’

‘ಒಂದ್ಸಲ ನೋಡಿ ತಲೆ ಎತ್ತಿದೆ. ಆಮ್ಯಾಕೆ ಕಣ್ಣು ಒರಸ್ಕಂಡು ಇನ್ನೊಂದ್ಸಲ ನೋಡ್ದೆ. ಏನೂ ಕಾಣ್ದೆ ಇದ್ರೆ ಯಾರು ಎರಡ್ಸಲ ನೋಡಾರು?’

‘ಗೊತ್ತಿದ್ದೂ ಕೂಸ್ನ ಯಾಕೆ ನನ್ ಜೊತೆ ಕಳಿಸ್ದೆ?’ ಅಂದೆ.

‘ನೋಡಕಾದ್ರೂ ಬತ್ತಿತ್ತಲ್ಲ ನಿಂಗೆ. ಅದ್ನ ನೀ ಕಲಿಸ್ತೀಯ, ಬಾಯಿಬುಟ್ಟು ಏಳೋದ್ನ ನಾ ಕಲಿಸ್ಕತೀನಿ ಅಂದ್ಕಂಡೆ. ರಜಕ್ಕೆ ಬಂದಾಗೆಲ್ಲ ಕಲಿಸ್ತಿದ್ದೆ.’

ಇಷ್ಟು ಹೇಳಿ ಎದ್ದು ಒಳಗೆ ಹೋದಳು. ಕಾಫಿ ಕೊಡಲಿಲ್ಲ. ಕೊಡ್ತಾಳೆ ಅಂತ ಕಾದೆ, ಕೊಡಲಿಲ್ಲ. ಬಸ್ಸಿಗೆ ಹೊರಟಾಗ ಒಂದು ಗಂಟು ಸೀಗೇಕಾಯಿ ತಂದು ಕಂಕುಳಿಗೆ ತುರುಕಿ, ‘ಯುಗಾದಿಗೆ ಮಗ್ಳು ಬಂದ್ರೆ ಏಳಿ ಕಳ್ಸು, ನಾನೂ ಇಳಿದು ಬತ್ತೀನಿ’ ಅಂದಳು. ನನ್ನ ಮನೆ ಬಾಗಿಲಿಗೆ ಅವಳು ಬಂದು ಇಪ್ಪತ್ತೊಂದು ವರ್ಷ ಆಯ್ತು. ಸಂತೇಲಿ ಸಿಗ್ತಿದ್ದಳು, ಮಾತಾಡ್ತಿದ್ದಳು, ಮನೆಗೆ ಮಾತ್ರ ಬರ್ತಿರಲಿಲ್ಲ. ಪುರುಸೊತ್ತಿಲ್ಲ ಅಂತ ತಿಳಿದಿದ್ದೆ ನಾನು. ಮುಠ್ಠಾಳಿ.

ನೀನು ಸಭೇಲಿ ಹಿಂದಿನ ಸಾಲಿನಲ್ಲಿ ಕೂತೆ ಅಂತ ಬರೆದಿದೀಯ. ನನಗೆ ಮುಂದಿನ ಸಾಲಿಗಿಂತ ಅದೇ ದೊಡ್ಡದಾಗಿ ಕಂಡಿತು. ಆದರೆ ಸಜ್ಜಿಗೆ ಈ ಸಲ ಹಂಚಲಿಲ್ಲ, ದೊಡ್ಡಬಸಮ್ಮನಿಗೆ ಬಿಡಿಸಿ ಹೇಳೋಕೆ ನನ್ನಿಂದಾಗಲ್ಲ.

ಯುಗಾದಿಗೆ ಬಾ. ಜಗಲಿ ಮೇಲೆ ಒಂದು ಪಚ್ಚಬಾಳೆ ಗೊನೆ ಹಣ್ಣಾಗೋಕೆ ಇಟ್ಟಿದೀನಿ. ಆಗಲೇ ನೊಣ ಮುತ್ತಿವೆ, ಪೊರಕೆ ಮುಟ್ಟಿಲ್ಲ ನಾನು. ಬೇಕಾದಷ್ಟು ಹಿಡಕೊಂಡು ಹೋಗು. ಆದರೆ ಮೊದಲು ತಾಯಿ ನೋಡು. ದೊಡ್ಡವ್ವನ ಜಗಲಿದು ಅಂತ ನಂಬಬೇಡ.

ಪುಟ್ಟಗೌರಮ್ಮ